ಹಲ್ಲಿಗೆ ಹೊಟ್ಟೆ ಕಟ್ಟಿದಾಗ: ಮಲೆನಾಡಿನ ಚಳಿಯಲ್ಲಿ ಗೆಕ್ಕೋ ಸಾಕುವವರಿಗೆ

ಜುಲೈ ತಿಂಗಳ ಚಿಕ್ಕಮಗಳೂರು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಿರಲಿಲ್ಲ, ಡಬ್ಬಿಯ ಉಪ್ಪು ನೀರಾಗಿತ್ತು, ಕರೆಂಟ್ ಹೋಗಿ ಎರಡು ದಿನ ಕಳೆದಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಮನೆಯ ಲೆಪರ್ಡ್ ಗೆಕ್ಕೋ, ಅಂದರೆ ಮೈಮೇಲೆ ಮಚ್ಚೆಗಳಿರುವ ಒಂದು ಜಾತಿಯ ಹಲ್ಲಿ, ಚುಕ್ಕಿ ಊಟ ಬಿಟ್ಟಳು. ಮೊದಲು ನಾನು ತಲೆಕೆಡಿಸಿಕೊಳ್ಳಲಿಲ್ಲ. ಬೆಳೆದ ಗೆಕ್ಕೋ ಒಂದು ವಾರ ಉಪವಾಸ ಕೂತರೆ ಏನೂ ಆಗುವುದಿಲ್ಲ, ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡಿರುತ್ತದೆ. ಆದರೆ ಗೂಡಿನ ಟಿಶ್ಯೂ ಬದಲಿಸುವಾಗ ಹೊಳೆಯಿತು: ಹತ್ತು ದಿನದಿಂದ ಹಿಕ್ಕೆಯೇ ಬಿದ್ದಿಲ್ಲ. ಎತ್ತಿ ಅಂಗೈ ಮೇಲೆ ಇಟ್ಟುಕೊಂಡರೆ ಹೊಟ್ಟೆ ಉಬ್ಬಿದೆ, ಬೆರಳಿಗೆ ಗಟ್ಟಿಯಾಗಿ ಸಿಗುತ್ತಿದೆ.

ಅಮ್ಮ ಅಡುಗೆಮನೆಯಿಂದಲೇ ಮದ್ದು ಹೇಳಿದರು. "ಚಿಕ್ಕಂದಿನಲ್ಲಿ ನಿಂಗೆ ಹೊಟ್ಟೆ ಕಟ್ಟಿದ್ರೆ ಹರಳೆಣ್ಣೆ ಕುಡಿಸ್ತಿರ್ಲಿಲ್ವಾ? ಅದಕ್ಕೂ ಒಂದ್ ತೊಟ್ಟು ಹಾಕು." ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು, "ಹಲ್ಲಿ ಮೈಮೇಲೆ ಬಿದ್ರೆ ಪಂಚಾಂಗ ನೋಡ್ತೀವಿ, ನೀವು ಹಲ್ಲಿಗೇ ಉಪಚಾರ ಮಾಡ್ತಿದೀರಲ್ಲ ಮಾರಾಯ್ರೆ" ಅಂದು ನಕ್ಕರು.

ಹರಳೆಣ್ಣೆ ಹಾಕಲಿಲ್ಲ. ಹಾಕದೆ ಏನು ಮಾಡಿದೆ, ಯಾವುದು ಕೆಲಸ ಮಾಡಿತು, ಎಲ್ಲಿ ನಾನೇ ತಪ್ಪಿದ್ದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆ ಕಡೆ ಈಚೆಗೆ ಗೆಕ್ಕೋ ಸಾಕುವ ಹುಡುಗರು ಕಾಣಸಿಗುತ್ತಾರೆ. ಅವರಿಗೆ ಸಿಗುವ ಸಲಹೆಯೆಲ್ಲ ಬೇರೆ ದೇಶದ ಒಣ ಹವೆಯ ಮನೆಗಳಲ್ಲಿ ಕೂತು ಬರೆದದ್ದು. ನಮ್ಮದು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ, ತೇವ ಬಿಡದ ಊರು. ಇಲ್ಲಿನ ಕಷ್ಟವೇ ಬೇರೆ.

ಏನಿದು ಹೊಟ್ಟೆ ಕಟ್ಟುವುದು

ಸಾಕುವವರು ಇದನ್ನು ಇಂಪ್ಯಾಕ್ಷನ್ ಅನ್ನುತ್ತಾರೆ. ಜೀರ್ಣವಾಗದ ವಸ್ತು ಕರುಳಿನಲ್ಲಿ ಗಟ್ಟಿಯಾಗಿ ಕೂತು, ತನ್ನ ಹಿಂದಿನಿಂದ ಬರುವುದಕ್ಕೆ ದಾರಿ ಬಿಡುವುದಿಲ್ಲ. ಮರಳಿನಿಂದ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಆಗುತ್ತದೆ. ಆದರೆ ಚುಕ್ಕಿಯ ಗೂಡಿನಲ್ಲಿ ಒಂದು ಕಾಳು ಮರಳೂ ಇರಲಿಲ್ಲ, ಬರೀ ಟಿಶ್ಯೂ ಪೇಪರ್. ನಮ್ಮ ಕಡೆ ನಿಜವಾದ ಕಳ್ಳ ಚಳಿ.

ಗೆಕ್ಕೋ ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ. ನೆಲ ಬಿಸಿಯಾಗಿದ್ದರೆ ಅದರ ಹೊಟ್ಟೆ ಬಿಸಿ, ಹೊಟ್ಟೆ ಬಿಸಿಯಾಗಿದ್ದರೆ ಜೀರ್ಣರಸಕ್ಕೆ ಕಸುವು, ಕರುಳಿಗೆ ಚಲನೆ. ನೆಲ ತಣ್ಣಗಾದರೆ ಒಳಗಿನ ಗಿರಣಿ ನಿಲ್ಲುತ್ತದೆ. ತಿಂದ ಹುಳದ ಗಟ್ಟಿ ಸಿಪ್ಪೆ ಅಲ್ಲೇ ಕೂರುತ್ತದೆ, ನೀರಿನಂಶವನ್ನು ಕರುಳು ಹೀರಿಕೊಂಡು ಅದು ಇನ್ನೂ ಗಟ್ಟಿಯಾಗುತ್ತದೆ. ಲೆಪರ್ಡ್ ಗೆಕ್ಕೋ ಮೂಲತಃ ಪಾಕಿಸ್ತಾನ, ಅಫ್ಘಾನಿಸ್ತಾನ, ವಾಯವ್ಯ ಭಾರತದ ಕಲ್ಲುನೆಲದ ಜೀವಿ. ಬಿಸಿಲಿಗೆ ಕಾದ ಬಂಡೆಯ ಅಡಿ ಮಲಗಿ ಅಭ್ಯಾಸವಾದದ್ದನ್ನು ತಂದು ಆಷಾಢದ ಮಲೆನಾಡಿನಲ್ಲಿ ಕೂರಿಸಿದರೆ ಹೊಟ್ಟೆ ಕಟ್ಟದೆ ಇನ್ನೇನು?

ಉಳಿದ ಕಾರಣಗಳು ಚಳಿಯ ಜೊತೆ ಕೈಜೋಡಿಸುತ್ತವೆ. ತಲೆಗಿಂತ ದೊಡ್ಡ ಹುಳ, ದಿನಾ ಬರೀ ಗಟ್ಟಿ ಸಿಪ್ಪೆಯ ಮೀಲ್‌ವರ್ಮ್ ಹುಳ, ನೀರಿನ ಕೊರತೆ, ಕರುಳಿನ ಜಂತು, ಕ್ಯಾಲ್ಸಿಯಂ ಕಡಿಮೆಯಾಗುವುದು. ಕ್ಯಾಲ್ಸಿಯಂ ಕೊರತೆ ಎರಡು ರೀತಿ ಕೆಡಿಸುತ್ತದೆ. ಸ್ನಾಯುಗಳು ಸೋತು ಕರುಳೂ ಸೋಲುತ್ತದೆ. ಜೊತೆಗೆ ಪ್ರಾಣಿ ಮಣ್ಣು ಮರಳು ನೆಕ್ಕಲು ಶುರು ಮಾಡುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ

ಹಿಕ್ಕೆ ಬಿದ್ದಿಲ್ಲ ಎಂದ ಮಾತ್ರಕ್ಕೆ ಹೊಟ್ಟೆ ಕಟ್ಟಿದೆ ಎಂದಲ್ಲ. ಮರಿಗಳು ಹೆಚ್ಚುಕಡಿಮೆ ದಿನವೂ ಹಿಕ್ಕೆ ಹಾಕುತ್ತವೆ, ದೊಡ್ಡವು ವಾರಕ್ಕೆ ಎರಡು ಮೂರು ಸಲ. ತಿಂದೇ ಇಲ್ಲದಿದ್ದರೆ ಹಾಕುವುದಾದರೂ ಏನನ್ನು? ಆದ್ದರಿಂದ ಕೊನೆಯ ಸಲ ತಿಂದದ್ದು ಯಾವಾಗ ಎಂದು ಮೊದಲು ನೆನಪು ಮಾಡಿಕೊಳ್ಳಿ. ಒಳ್ಳೆಯ ಹಿಕ್ಕೆಯಲ್ಲಿ ಎರಡು ಭಾಗ ಇರುತ್ತದೆ: ಕಂದು ಬಣ್ಣದ ಗಟ್ಟಿ ಭಾಗ, ಅದರ ತುದಿಗೆ ಸುಣ್ಣದ ಹಾಗೆ ಬಿಳಿ ಭಾಗ. ತಿನ್ನುತ್ತಿದ್ದರೂ ಬರೀ ಬಿಳಿಯದಷ್ಟೇ ಬೀಳುತ್ತಿದ್ದರೆ ಅನುಮಾನ ಪಡಿ.

ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಗೆಕ್ಕೋವನ್ನು ಬಿಟ್ಟು, ಡಬ್ಬಿ ಎತ್ತಿ ಕೆಳಗಿನಿಂದ ಹೊಟ್ಟೆ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹೊಟ್ಟೆಯ ಹಿಂಭಾಗದಲ್ಲಿ ನೀಲಿ ಕಪ್ಪು ಮಚ್ಚೆ ಕಂಡರೆ, ಮುಟ್ಟಿದರೆ ಗಟ್ಟಿ ಗಂಟು ಸಿಕ್ಕರೆ, ಬಾಲ ಎತ್ತಿ ತಿಣುಕಿದರೂ ಏನೂ ಬರದಿದ್ದರೆ, ಊಟ ಬಿಟ್ಟು ಮಂಕಾಗಿದ್ದರೆ, ಇಂಪ್ಯಾಕ್ಷನ್ ಎಂದೇ ಹಿಡಿದು ನಡೆಯಿರಿ. ಆದರೆ ಆರೋಗ್ಯವಾಗಿರುವ ಗೆಕ್ಕೋದ ತೆಳು ಚರ್ಮದಲ್ಲೂ ಪಿತ್ತಜನಕಾಂಗ ಕಪ್ಪಗೆ ಕಾಣುತ್ತದೆ. ಚೆನ್ನಾಗಿರುವಾಗ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದರೆ ಹೋಲಿಸಲು ಅನುಕೂಲ. ನನ್ನ ಹತ್ತಿರ ಇರಲಿಲ್ಲ. ಆ ರಾತ್ರಿ ಅರ್ಧ ಗಂಟೆ ಟಾರ್ಚ್ ಹಿಡಿದು, ಇದು ಮೊದಲೂ ಇತ್ತೋ ಇಲ್ಲವೋ ಎಂದು ನನ್ನ ಜೊತೆ ನಾನೇ ವಾದ ಮಾಡಿದೆ.

ಹೆಣ್ಣು ಗೆಕ್ಕೋ ಇದ್ದರೆ ಇನ್ನೊಂದು ಎಚ್ಚರ. ಗಂಡಿನ ಸಂಗವೇ ಇಲ್ಲದೆಯೂ ಹೆಣ್ಣುಗಳು ಮೊಟ್ಟೆ ಇಡುತ್ತವೆ, ಸಾಮಾನ್ಯವಾಗಿ ಎರಡು. ಆಗಲೂ ಹೊಟ್ಟೆ ಉಬ್ಬುತ್ತದೆ, ಊಟ ಬಿಡುತ್ತವೆ. ಕೆಳಗಿನಿಂದ ನೋಡಿದಾಗ ಅಕ್ಕಪಕ್ಕ ಎರಡು ಬಿಳಿ ಉದ್ದುಂಡೆ ಆಕಾರ ಕಂಡರೆ ಅದು ಮೊಟ್ಟೆ. ಆ ಹೊಟ್ಟೆಯನ್ನು ಉಜ್ಜಲು ಹೋಗಬೇಡಿ, ಒಳಗೆ ಒಡೆದರೆ ಜೀವಕ್ಕೇ ಕುತ್ತು. ಪೊರೆ ಬಿಡುವ ಮುಂಚೆ ಮೈ ಬೂದಿ ಬಣ್ಣಕ್ಕೆ ತಿರುಗಿ ಊಟ ಬಿಡುವುದಂತೂ ಮಾಮೂಲು.

ಒಂದು ತಕ್ಕಡಿ ಬೇಕೇ ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಂ ತೋರಿಸಿದರೆ ಆಯಿತು. ಚುಕ್ಕಿ ಜೂನ್ ಕೊನೆಗೆ 58 ಗ್ರಾಂ ಇದ್ದಳು, ಆವತ್ತು 55. ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಇಳಿದರೆ ಮನೆಮದ್ದಿನ ಕಾಲ ಮುಗಿಯಿತು ಎಂದು ತಿಳಿಯಿರಿ.

ಬಿಸಿ ಮೊದಲು, ಉಳಿದದ್ದೆಲ್ಲ ಆಮೇಲೆ

ಗೆಕ್ಕೋಗೆ ಹೊಟ್ಟೆ ಕಟ್ಟಿತು ಎಂದ ತಕ್ಷಣ ಜನ ನೀರಿನ ಬಟ್ಟಲು ಹುಡುಕುತ್ತಾರೆ. ತಪ್ಪು ಅಲ್ಲಿಂದಲೇ ಶುರು. ಸ್ನಾನ ಮಾಡಿಸಿ ತಣ್ಣನೆಯ ಗೂಡಿಗೆ ವಾಪಸ್ ಬಿಟ್ಟರೆ ಒದ್ದೆ ಮೈ ಇನ್ನೂ ತಣ್ಣಗಾಗುತ್ತದೆ, ಕರುಳು ಮತ್ತೆ ನಿಲ್ಲುತ್ತದೆ. ಮೊದಲು ಗೂಡಿನ ಬಿಸಿ ಸರಿಮಾಡಿ, ಆಮೇಲೆ ನೀರಿಗೆ ಕೈ ಹಾಕಿ.

ಊಟ ನಿಲ್ಲಿಸಿ. ಕಟ್ಟಿದ ಮೋರಿಗೆ ಮೇಲಿಂದ ಇನ್ನಷ್ಟು ಕಸ ಸುರಿಯಬಾರದು. ನೀರಿನ ಬಟ್ಟಲು ಮಾತ್ರ ತೆಗೆಯಬೇಡಿ.

ಬಿಸಿ ಮಗ್ಗುಲಿನಲ್ಲಿ, ಗೆಕ್ಕೋ ಹೊಟ್ಟೆ ಊರುವ ನೆಲದ ಮೇಲೆ, 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು. ತಂಪು ಮಗ್ಗುಲಲ್ಲಿ 24ರಿಂದ 26. ಎರಡೂ ಬೇಕು, ಬಿಸಿ ಹೆಚ್ಚಾದಾಗ ಅದು ಪಕ್ಕಕ್ಕೆ ಸರಿಯಲು ಜಾಗ ಇರಬೇಕಲ್ಲ. ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರ್ ಗೋಡೆಯ ಹತ್ತಿರದ ಗಾಳಿಯನ್ನು ಅಳೆಯುತ್ತದೆಯೇ ಹೊರತು ನೆಲವನ್ನಲ್ಲ. ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಆ ತುದಿಯನ್ನು ಬಿಸಿ ಮಗ್ಗುಲಿನ ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮನೆಯಲ್ಲಿದೆ ಎಂದು ಅದನ್ನೇ ನಂಬಬೇಡಿ, ಅದನ್ನು ಮಾಡಿದ್ದು ಜ್ವರ ನೋಡುವುದಕ್ಕೆ.

ನನ್ನ ತಪ್ಪು ಸಿಕ್ಕಿದ್ದು ಇಲ್ಲೇ. ಗೂಡಿನ ನೆಲ ಕಾಯಿಸುವ ಹೀಟ್ ಮ್ಯಾಟ್ ಇತ್ತು, ಬಿಸಿ ನೋಡಿ ಅದನ್ನು ಹಚ್ಚಿ ಆರಿಸುವ ಥರ್ಮೋಸ್ಟಾಟ್ ಇತ್ತು, ಎಲ್ಲ ಸರಿ ಇದೆ ಎಂದು ನಿಶ್ಚಿಂತೆಯಿಂದ ಇದ್ದೆ. ಗೂಡು ತೊಳೆಯುವಾಗ ಥರ್ಮೋಸ್ಟಾಟಿನ ಸೆನ್ಸರ್ ಮ್ಯಾಟಿನಿಂದ ಜಾರಿ, ವೈರ್ ಸುತ್ತಿಟ್ಟ ಜಾಗದಲ್ಲಿ ಅಡಾಪ್ಟರಿನ ಪಕ್ಕ ಬಿದ್ದಿತ್ತು. ಅಡಾಪ್ಟರ್ ಬೆಚ್ಚಗಿರುತ್ತದಲ್ಲ, ಥರ್ಮೋಸ್ಟಾಟ್ ಅದನ್ನೇ ನೆಲ ಎಂದುಕೊಂಡು ಮ್ಯಾಟನ್ನು ಆರಿಸುತ್ತಲೇ ಇತ್ತು. ಕರೆಂಟ್ ಇದ್ದ ದಿನಗಳಲ್ಲೂ ಚುಕ್ಕಿಯ ನೆಲ 25 ಡಿಗ್ರಿ ದಾಟಿರಲಿಲ್ಲವೇನೋ. ಕರೆಂಟ್ ಹೋದ ಮೇಲೆ ಕೇಳುವುದೇ ಬೇಡ. ಇನ್ನೊಂದು ಕಡೆ ಇದು ಉಲ್ಟಾ ಆಗಬಹುದು: ಸೆನ್ಸರ್ ತಣ್ಣನೆಯ ಕಡೆ ಜಾರಿದರೆ ಮ್ಯಾಟ್ ಆರುವುದೇ ಇಲ್ಲ, ಹೊಟ್ಟೆ ಸುಡುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಪ್ಲಗ್‌ಗೆ ಹಾಕಿದರೆ ಕಾಯುವ ಕೃತಕ ಕಲ್ಲುಗಳಿಂದ ದೂರವಿರಿ.

ಮ್ಯಾಟ್ ಇಲ್ಲದವರು ತಾತ್ಕಾಲಿಕವಾಗಿ ಕೋಳಿಮರಿಗಳಿಗೆ ಹಾಕುವಂಥ ಬಲ್ಬನ್ನು ಗೂಡಿನ ಹೊರಗೆ ಮೇಲಿನಿಂದ, ಜಾಲರಿಯ ಮೇಲೆ ಇಳಿಬಿಡಬಹುದು. ಅಡಿಯಲ್ಲಿ ಒಂದು ತುಂಡು ಕಡಪ ಕಲ್ಲು ಇಟ್ಟರೆ ಅದು ಬಿಸಿ ಹಿಡಿದುಕೊಳ್ಳುತ್ತದೆ. ಪ್ರಾಣಿ ಬಲ್ಬನ್ನು ಮುಟ್ಟುವ ಹಾಗಿರಬಾರದು. ಎಷ್ಟು ಎತ್ತರ ಎಂಬುದನ್ನು ಥರ್ಮಾಮೀಟರ್ ಹೇಳಬೇಕು, ಅಂದಾಜು ಬೇಡ.

ಕರೆಂಟ್ ಇಲ್ಲದ ದಿನ

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ತೋಟದ ಮನೆಗಳಿಗೆ ಎರಡು ಮೂರು ದಿನ ಕರೆಂಟ್ ಬರುವುದಿಲ್ಲ. ಮನೆಯ ಯುಪಿಎಸ್‌ಗೆ ಒಂದು ಹೀಟ್ ಮ್ಯಾಟ್ ಭಾರವೇನಲ್ಲ, ಆದರೆ ಫ್ಯಾನು ಟಿವಿ ಎಲ್ಲ ಓಡಿಸಿದರೆ ಅರ್ಧ ರಾತ್ರಿಗೆ ಅದೂ ಮಲಗುತ್ತದೆ.

ಆಗ ನನ್ನ ಉಪಾಯ ಇದು. ಮುಚ್ಚಳವಿರುವ ಥರ್ಮೋಕೋಲ್ ಪೆಟ್ಟಿಗೆ, ಮೀನಿನ ಅಂಗಡಿಯದ್ದಾದರೆ ಸೋಪು ಹಾಕಿ ತೊಳೆದು ಒಣಗಿಸಿದ್ದು. ಮುಚ್ಚಳದಲ್ಲಿ ನಾಲ್ಕೈದು ತೂತು. ಎರಡು ನೀರಿನ ಬಾಟಲಿಗೆ ಬಿಸಿನೀರು ತುಂಬಿ, ಒಂದೊಂದನ್ನೂ ದಪ್ಪ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಗೆಕ್ಕೋವನ್ನು ಗಾಳಿಯಾಡುವ ಚಿಕ್ಕ ಡಬ್ಬಿಯಲ್ಲಿ ಟಿಶ್ಯೂ ಹಾಕಿ ಒಳಗೆ ಕೂರಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. 28ರಿಂದ 31 ಡಿಗ್ರಿ ಸಾಕು. ಬಾಟಲಿ ಆರಿದಂತೆ ಬದಲಿಸಬೇಕು, ರಾತ್ರಿ ಎರಡು ಸಲ ಏಳಬೇಕಾಗುತ್ತದೆ. ಸೌದೆ ಒಲೆಯ ಪಕ್ಕ ಡಬ್ಬಿ ಇಡುವ ಆಸೆ ಬರುತ್ತದೆ. ಬೇಡ, ಹೊಗೆಯೂ ಕೆಟ್ಟದ್ದು, ಬಿಸಿಯೂ ಹಿಡಿತಕ್ಕೆ ಸಿಗುವುದಿಲ್ಲ.

ಇದರ ಜೊತೆಗೆ ಈಗ ನಾನು ತಪ್ಪದೆ ಪಾಲಿಸುವ ನಿಯಮ ಒಂದಿದೆ. ಮುಂದಿನ ಎರಡು ದಿನ ನೆಲ ಬಿಸಿ ಇಡಬಲ್ಲೆ ಎಂಬ ಧೈರ್ಯ ಇದ್ದರೆ ಮಾತ್ರ ಊಟ ಹಾಕುತ್ತೇನೆ. ಆ ಜುಲೈಯಲ್ಲಿ ಗಾಳಿ ಜೋರಾದ ಸಂಜೆಯೇ ಚುಕ್ಕಿಗೆ ಬಟ್ಟಲು ತುಂಬ ಮೀಲ್‌ವರ್ಮ್ ಸುರಿದಿದ್ದೆ. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ತುಂಬಿದ ಹೊಟ್ಟೆ, ತಣ್ಣನೆಯ ನೆಲ. ಉಪವಾಸ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಸ್ನಾನ ಮಾಡಿಸುವ ಬಗೆ

ಗೂಡು ಅರ್ಧ ದಿನವಾದರೂ ಬಿಸಿಯಾಗಿದ್ದ ಮೇಲೆ ಸ್ನಾನ. ಊಟದ ಪಾತ್ರೆ ಬೇಡ, ಇದಕ್ಕೇ ಒಂದು ಪ್ಲಾಸ್ಟಿಕ್ ಡಬ್ಬಿ ಮೀಸಲಿಡಿ. ಜಾರದಂತೆ ತಳಕ್ಕೆ ಟಿಶ್ಯೂ ಹಾಕಿ. ನೀರು 29ರಿಂದ 32 ಡಿಗ್ರಿ. ನಮ್ಮ ಮಲೆನಾಡಿನವರಿಗೆ ಬಿಸಿನೀರು ಅಂದರೆ ಹಂಡೆಯಿಂದ ಹೊಗೆಯಾಡುತ್ತ ಬರುವ ನೀರು. ಆ ಅಳತೆ ಇಲ್ಲಿ ನಡೆಯುವುದಿಲ್ಲ. ಮಣಿಕಟ್ಟಿನ ಒಳಭಾಗಕ್ಕೆ ಹಾಕಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಸಪ್ಪೆ ಅನ್ನಿಸಬೇಕು. ಆಳ ಗೆಕ್ಕೋದ ಮೊಣಕೈ ಮುಳುಗುವಷ್ಟು ಮಾತ್ರ. ಗಲ್ಲ ನೀರಿನಿಂದ ಮೇಲೆಯೇ ಇರಬೇಕು.

ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಪೂರ್ತಿ ಹೊತ್ತು ಪಕ್ಕದಲ್ಲೇ ಕೂತಿರಿ, ಫೋನ್ ಬಂದರೂ ಏಳಬೇಡಿ. ನಿಶ್ಶಕ್ತ ಗೆಕ್ಕೋ ಎರಡು ಬೆರಳು ನೀರಿನಲ್ಲೂ ಮುಳುಗುತ್ತದೆ. ನೀರು ಆರುತ್ತಿದ್ದಂತೆ ಬಿಸಿನೀರನ್ನು ಅದರ ಮೈಮೇಲೆ ಸುರಿಯದೆ, ಗೆಕ್ಕೋವನ್ನು ಎತ್ತಿ ಬೇರೆ ಬೆರೆಸಿದ ನೀರಿಗೆ ಬಿಡಿ.

ನೀರಿನಲ್ಲಿರುವಾಗ ಕಿರುಬೆರಳಿನಿಂದ ಹೊಟ್ಟೆಯನ್ನು ಎದೆಯ ಕಡೆಯಿಂದ ಬಾಲದ ಬುಡದ ಕಡೆಗೆ ಮೆಲ್ಲನೆ ಸವರಿ. ರೆಪ್ಪೆ ಮುಚ್ಚಿದ ಕಣ್ಣಿನ ಮೇಲೆ ಬೆರಳಾಡಿಸುವಷ್ಟು ಹಗುರ. ಒತ್ತಬೇಡಿ, ಹಿಂಡಬೇಡಿ, ಹಿಂದಕ್ಕೂ ಮುಂದಕ್ಕೂ ಉಜ್ಜಬೇಡಿ. ಒದ್ದಾಡಿದರೆ ಬಿಟ್ಟುಬಿಡಿ, ಹೆದರಿದರೆ ಬಾಲ ಕಳಚಿಹೋದೀತು, ಕೂಡಿಟ್ಟ ಕೊಬ್ಬೆಲ್ಲ ಅದರ ಜೊತೆಗೇ ಹೋಗುತ್ತದೆ. ಸ್ನಾನದಿಂದ ಚರ್ಮ ನೀರು ಹೀರಿಕೊಂಡು ಹೊಟ್ಟೆ ಸಡಿಲವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ಹೊಟ್ಟೆಗೆ ಬಿಸಿ ತಾಗುತ್ತದೆ, ಮೈ ಅಲುಗುತ್ತದೆ, ನಡುವೆ ಒಂದಿಷ್ಟು ನೀರು ನೆಕ್ಕುತ್ತದೆ. ಉಪಕಾರ ಆಗುವುದು ಅಷ್ಟರಿಂದಲೇ. ನೆಕ್ಕದಿದ್ದರೆ ಡ್ರಾಪರ್‌ನಿಂದ ಮೂಗಿನ ತುದಿಯ ಕೆಳಗೆ, ತುಟಿಯ ಮೇಲೆ ಒಂದು ಹನಿ ಬಿಡಿ. ನಾಲಿಗೆ ತಾನೇ ಹೊರಬರುತ್ತದೆ. ಬಾಯಿ ಬಿಡಿಸಿ ಹುಯ್ಯಬೇಡಿ.

ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ನೇರ ಬಿಸಿ ಮಗ್ಗುಲಿಗೆ ಬಿಡಿ. ಕೈಯನ್ನು ಸೋಪಿನಿಂದ ತೊಳೆಯಿರಿ, ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ. ಆರೋಗ್ಯವಾಗಿರುವ ಸರೀಸೃಪಗಳ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಮಾತನ್ನು ಹಗುರವಾಗಿ ತಗೊಳ್ಳಬೇಡಿ.

ನಮ್ಮ ಚುಕ್ಕಿಗೆ ಇದನ್ನು ಮೂರು ದಿನ ಮಾಡಿದೆ. ಎಸ್ಟೇಟಿನವರು ಮಳೆಯನ್ನು ಇಂಚು ಸೆಂಟ್ಸ್ ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುವುದನ್ನು ನೋಡಿ ನನಗೂ ಆ ಚಟ ಹತ್ತಿದೆ. ನಾಲ್ಕನೇ ದಿನದ ಪುಟದಲ್ಲಿ ಹೀಗಿದೆ: "ಮಳೆ 2 ಇಂಚು 10 ಸೆಂಟ್ಸ್. ಬೆಳಗಿನ ಜಾವ ಹಿಕ್ಕೆ. ತುಂಬಾ ಮೀಲ್‌ವರ್ಮ್ ಸಿಪ್ಪೆ." ಅಮ್ಮ ಅದನ್ನು ಓದಿ, ಇದನ್ನೂ ಬರೆದಿಡ್ತಾರಾ ಎಂದು ಕೇಳಿದರು. ಬರೆದಿಡಬೇಕು. ಊಟದ ದಿನ, ಹುಳದ ಲೆಕ್ಕ, ಹಿಕ್ಕೆ, ಪೊರೆ, ವಾರಕ್ಕೊಮ್ಮೆ ತೂಕ. ಹತ್ತು ದಿನದಿಂದ ಹಿಕ್ಕೆಯಿಲ್ಲ ಎಂಬುದು ನನಗೆ ಐದನೇ ದಿನಕ್ಕೇ ಗೊತ್ತಾಗಬೇಕಿತ್ತು.

ಎಣ್ಣೆಯ ವಿಚಾರ

ಹರಳೆಣ್ಣೆ ಬೇಡವೇ ಬೇಡ. ಅದು ಕರುಳನ್ನು ಕೆರಳಿಸಿ ನೂಕುವ ಮದ್ದು. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ನೂಕಿದರೆ ಕರುಳಿಗೇ ಪೆಟ್ಟು. ಐವತ್ತು ಗ್ರಾಂ ಪ್ರಾಣಿಗೆ ಒಂದು ತೊಟ್ಟು ಅಂದರೆ ಎಷ್ಟಾಯಿತು ಯೋಚಿಸಿ. ಮನುಷ್ಯರ ಭೇದಿ ಮಾತ್ರೆ, ಇಸಬ್‌ಗೋಲ್, ಸೋಡಾಪುಡಿ, ಕಷಾಯ, ಯಾವುದನ್ನೂ ಕೊಡಬೇಡಿ. ಮಿನರಲ್ ಆಯಿಲ್ ಕೊಡಿ ಎಂದು ಹೇಳುವವರು ಬಹಳ ಜನ ಸಿಗುತ್ತಾರೆ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ನುಂಗುತ್ತಿದ್ದೇನೆ ಎಂದು ಪ್ರಾಣಿಗೆ ಗೊತ್ತಾಗದೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಸಾಕುಪ್ರಾಣಿ ಅಂಗಡಿಯವರು ಪೈಪ್ ಹಾಕಿ ಹಿಂದಿನಿಂದ ನೀರು ಬಿಡಿ ಎಂದರೆ ಕೇಳಿಸಿಕೊಳ್ಳಲೇ ಬೇಡಿ. ಎನಿಮಾ ಡಾಕ್ಟರ ಕೆಲಸ.

ಡಾಕ್ಟರ ಹತ್ತಿರ ಹೋಗಬೇಕಾದ್ದು ಯಾವಾಗ

ಬಿಸಿ ಸರಿಯಾಗಿದ್ದು, ಎರಡು ಮೂರು ದಿನ ಸ್ನಾನ ಮಾಡಿಸಿದರೂ ಹಿಕ್ಕೆ ಬೀಳದಿದ್ದರೆ ಇನ್ನು ಕಾಯಬೇಡಿ. ಮರಿಯಾದರೆ ಅಷ್ಟು ದಿನವೂ ಬೇಡ, ಅದರ ಬಾಲದಲ್ಲಿ ಕೂಡಿಟ್ಟದ್ದು ಕಡಿಮೆ.

ಕೆಲವು ಲಕ್ಷಣಗಳಿಗೆ ಮನೆಯಲ್ಲಿ ಸ್ನಾನವೂ ಬೇಡ, ಅವತ್ತೇ ಹೊರಡಬೇಕು. ಹಿಂಗಾಲು ಎಳೆಯುವುದು ಅಥವಾ ಊರಲಾಗದಿರುವುದು. ಉಬ್ಬಿದ ಕರುಳು ನರಗಳನ್ನು ಒತ್ತಿದರೆ ಹೀಗಾಗಬಹುದು ಎನ್ನುತ್ತಾರೆ. ತಿಂದದ್ದನ್ನು ಕಕ್ಕುವುದು. ಹೊಟ್ಟೆಯ ಕಪ್ಪು ದಿನದಿಂದ ದಿನಕ್ಕೆ ಹರಡುವುದು. ಬಾಯಿ ತೆರೆದುಕೊಂಡು ಉಸಿರಾಡುವುದು. ತಿಣುಕಿ ತಿಣುಕಿ ಗುದದ್ವಾರದಿಂದ ಕೆಂಪು ಮಾಂಸದಂಥದ್ದು ಹೊರಬರುವುದು. ಈ ಕೊನೆಯದನ್ನು ಕಂಡು ಗಾಬರಿಯಿಂದ ಒಳಗೆ ತುರುಕಲು ಹೋಗಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ನಾರ್ಮಲ್ ಸಲೈನಿನಲ್ಲಿ ಗಾಜ್ ಬಟ್ಟೆ ಅದ್ದಿ ಅದರ ಮೇಲೆ ಹಾಕಿ. ಅದು ಒಣಗಿದರೆ ಸತ್ತುಹೋಗುತ್ತದೆ, ದಾರಿಯುದ್ದಕ್ಕೂ ಒದ್ದೆಯಾಗಿರಬೇಕು.

ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿ, ನಾಯಿಗಳದ್ದೇ ಸಾಲು. ಹಲ್ಲಿ ಹಿಡಿದುಕೊಂಡು ಬಂದವರನ್ನು ಕಂಡರೆ ಮೊದಲು ಸ್ವಲ್ಪ ನಗುತ್ತಾರೆ, ಬೇಸರ ಪಡಬೇಡಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಶಿವಮೊಗ್ಗದಲ್ಲೂ ಇದೆ. ಎರಡೂ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದವು. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ ಸುಮಾರು 60 ಕಿಲೋಮೀಟರ್. ಮೊದಲೇ ಫೋನ್ ಮಾಡಿ, ಸರೀಸೃಪ ನೋಡುವವರು ಇದ್ದಾರಾ, ಚಿಕ್ಕ ಪ್ರಾಣಿಗೆ ಎಕ್ಸ್-ರೇ ತೆಗೆಯುತ್ತಾರಾ ಎಂದು ಕೇಳಿಕೊಂಡು ಹೊರಡಿ. ಇಲ್ಲವೆಂದರೆ ಬೆಂಗಳೂರಿನ ದಾರಿ ಹಿಡಿಯಬೇಕು. ಪ್ರಾಣಿ ಚೆನ್ನಾಗಿರುವಾಗಲೇ ಈ ವಿಚಾರಣೆ ಮುಗಿಸಿಟ್ಟುಕೊಂಡರೆ ಜಾಣತನ.

ಡಬ್ಬಿಗೆ ಟಿಶ್ಯೂ ಹಾಕಿ, ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು, ಅದೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಯ್ಯಿರಿ. ಕಾರಿನ ಏಸಿ ಅದರ ಮೇಲೆ ಬೀಸಬಾರದು. ಡೈರಿ, ಗೂಡಿನ ಫೋಟೋ, ಹೊಟ್ಟೆಯ ಫೋಟೋ ತೋರಿಸಿ. ಇತ್ತೀಚಿನ ಹಿಕ್ಕೆ ಇದ್ದರೆ ಒದ್ದೆ ಟಿಶ್ಯೂವಿನಲ್ಲಿ ಸುತ್ತಿ ಡಬ್ಬಿಯಲ್ಲಿ ಕೊಂಡೊಯ್ಯಿರಿ, ಜಂತುವಿನ ಪರೀಕ್ಷೆಗೆ ಬೇಕಾಗುತ್ತದೆ. ಡಾಕ್ಟರು ಎಕ್ಸ್-ರೇ ತೆಗೆದರೆ ಮರಳು, ಕಲ್ಲು ಬೆಳ್ಳಗೆ ಕಾಣುತ್ತವೆ. ಮೊಟ್ಟೆಯೋ ಗಂಟೋ ಎಂಬ ಅನುಮಾನವೂ ಬಗೆಹರಿಯುತ್ತದೆ. ನೀರಿನಂಶಕ್ಕೆ ಇಂಜೆಕ್ಷನ್, ತೂಕ ನೋಡಿ ಹಿಕ್ಕೆ ಸಡಿಲಿಸುವ ಲ್ಯಾಕ್ಟುಲೋಸ್ ಮದ್ದು, ಎನಿಮಾ, ಇವುಗಳಲ್ಲಿ ಬಹಳಷ್ಟು ಸಲ ಕೆಲಸ ಮುಗಿಯುತ್ತದೆ. ಶಸ್ತ್ರಚಿಕಿತ್ಸೆ ಕಟ್ಟಕಡೆಯ ದಾರಿ.

ಕೊಂಡ ರಸೀದಿಯೂ ಜೊತೆಗಿರಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು, 2022ರಲ್ಲಿ ತಿದ್ದುಪಡಿಯಾಗಿದೆ. ಕೆಲವು ವಿದೇಶಿ ಜಾತಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ನಿಮ್ಮದು ಯಾವ ಜಾತಿ, ಅದಕ್ಕೆ ಏನು ನಿಯಮ ಎಂದು ಕೊಳ್ಳುವ ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿ. ತೋಟದ ಬಂಡೆಯ ಸಂದಿಯಲ್ಲಿ ಸಿಕ್ಕ ಚಂದದ ಹಲ್ಲಿಯನ್ನು ಹಿಡಿದು ತಂದು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಂತೂ ಕೂಡದು.

ಹಿಕ್ಕೆ ಬಿದ್ದ ಮೇಲೆ

ಬಿತ್ತು ಎಂಬ ಖುಷಿಯಲ್ಲಿ ಆ ದಿನವೇ ಹಬ್ಬದೂಟ ಹಾಕಬೇಡಿ. ಎರಡು ದಿನ ಬಿಟ್ಟು ಒಂದೋ ಎರಡೋ ಮೆತ್ತನೆಯ ಹುಳ. ರೇಷ್ಮೆಹುಳ ಇದಕ್ಕೆ ಬಹಳ ಒಳ್ಳೆಯದು, ನೀರಿನಂಶ ಹೆಚ್ಚು, ಸಿಪ್ಪೆ ಕಡಿಮೆ. ರೇಷ್ಮೆ ಸಾಕುವವರ ಪರಿಚಯವಿದ್ದರೆ ಹಿಪ್ಪುನೇರಳೆಗೆ ಔಷಧಿ ಹೊಡೆದಿಲ್ಲ ಎಂದು ಕೇಳಿ ತಿಳಿದು ಸಣ್ಣ ಹುಳ ತನ್ನಿ. ಅದು ಜೀರ್ಣವಾಗಿ ಹಿಕ್ಕೆ ಬಿದ್ದ ಮೇಲೆ ಮುಂದಿನ ಊಟ. ಎರಡು ವಾರದಲ್ಲಿ ಮಾಮೂಲಿಗೆ ಬನ್ನಿ: ಮರಿಗೆ ದಿನಾ, ದೊಡ್ಡದಕ್ಕೆ ವಾರದಲ್ಲಿ ಎರಡು ಮೂರು ಸಲ.

ಹುಳದ ಅಗಲ ಗೆಕ್ಕೋದ ಎರಡು ಕಣ್ಣಿನ ನಡುವಿನ ಅಂತರ ಮೀರಬಾರದು. ಕ್ರಿಕೆಟ್ ಹುಳ, ಊಟಕ್ಕೆಂದೇ ಸಾಕುವ ದುಬಿಯಾ ಜಿರಳೆ ದಿನದ ಊಟವಾಗಲಿ, ಮೀಲ್‌ವರ್ಮ್ ಅಪರೂಪಕ್ಕೆ ಇರಲಿ. ಹುಳಗಳಿಗೆ ಹಿಂದಿನ ದಿನವೇ ಕ್ಯಾರೆಟ್, ಸೊಪ್ಪು ತಿನ್ನಿಸಿ, ಕೊಡುವ ಮುಂಚೆ ಕ್ಯಾಲ್ಸಿಯಂ ಪುಡಿ ಸವರಿ. ಕಾಫಿ ತೋಟದಿಂದ ಹಿಡಿದ ಮಿಡತೆ, ದೀಪಕ್ಕೆ ಬಂದ ಹುಳ ಬೇಡ. ಯಾವ ಗಿಡಕ್ಕೆ ಯಾವ ಔಷಧಿ ಹೊಡೆದಿದ್ದಾರೋ ಯಾರಿಗೆ ಗೊತ್ತು? ಮುಂಗಾರಿಗೆ ಮುಂಚೆ ಮರ ತುಂಬ ಮಿನುಗುವ ಮಿಂಚುಹುಳ ಕಂಡು ಮಕ್ಕಳು ಹಿಡಿದು ತರುತ್ತಾರೆ. ಕೆಲವು ಜಾತಿಯ ಮಿಂಚುಹುಳ ಹಲ್ಲಿಗಳಿಗೆ ಸಾಯುವಷ್ಟು ವಿಷ, ಒಂದನ್ನೂ ಹಾಕಬೇಡಿ.

ನೆಲಕ್ಕೆ ಟೈಲ್ಸ್ ತುಂಡು, ಕಡಪ ಕಲ್ಲು, ಟಿಶ್ಯೂ ಪೇಪರ್ ಮೂರರಲ್ಲಿ ಒಂದು ಸಾಕು. ಕಾಡಿನ ಲೆಪರ್ಡ್ ಗೆಕ್ಕೋ ನಡೆದಾಡುವುದು ಗಟ್ಟಿ ಮಣ್ಣು, ಕಲ್ಲಿನ ಮೇಲೆ. ಸಡಿಲ ಮರಳುದಿಬ್ಬದ ಮೇಲಲ್ಲ. ಎಂ-ಸ್ಯಾಂಡ್, ತೆಂಗಿನ ನಾರಿನ ಪುಡಿ, ಭತ್ತದ ಹೊಟ್ಟು ಬೇಡ. ಕ್ಯಾಲ್ಸಿಯಂ ಸ್ಯಾಂಡ್ ಎಂದು ಬಣ್ಣ ಹಾಕಿ ಮಾರುತ್ತಾರೆ, ತಿಂದರೂ ಕರಗುತ್ತದೆ ಎನ್ನುತ್ತಾರೆ. ಕ್ಯಾಲ್ಸಿಯಂ ರುಚಿಗೆ ಗೆಕ್ಕೋ ಅದನ್ನು ಇನ್ನಷ್ಟು ನೆಕ್ಕುತ್ತದೆ, ಒದ್ದೆಯಾದರೆ ಅದು ಮುದ್ದೆಗಟ್ಟುತ್ತದೆ. ಮಲ್ಲಂದೂರು ಕಡೆಯ ಹುಡುಗನೊಬ್ಬ ಪುಕ್ಕಟೆ ಸಿಗುತ್ತದೆ ಎಂದು ಕಾಫಿ ಹೊಟ್ಟು ಹಾಸಿದ್ದ. ವಾಸನೆ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಹುಳ ಹಿಡಿಯುವಾಗ ಬಾಯಿಗೆ ಹೋದರೆ ಜೀರ್ಣವಾಗುವುದಿಲ್ಲ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಕೆಫೀನ್ ಬೇರೆ. ಅವನಿಗೆ ಹಳೆ ಟೈಲ್ಸ್ ಎರಡು ಕೊಟ್ಟು ಕಳಿಸಿದೆ.

ಪೊರೆ ಬಿಡಲು ಅನುಕೂಲವಾಗಲೆಂದು ಗೂಡಿನೊಳಗೆ ಇಡುವ ಒದ್ದೆ ಡಬ್ಬಿಗೂ ತೆಂಗಿನ ಪುಡಿ ಬೇಡ, ಹಿಂಡಿದ ಟಿಶ್ಯೂ ಸಾಕು. ಒಂದು ತಿಂಗಳ ತನಕ ಮೂರು ದಿನಕ್ಕೊಮ್ಮೆ ತೂಕ ನೋಡಿ. ಚುಕ್ಕಿ 58ಕ್ಕೆ ವಾಪಸ್ ಬರಲು ಐದು ವಾರ ಹಿಡಿಯಿತು. ಥರ್ಮೋಸ್ಟಾಟಿನ ಸೆನ್ಸರಿಗೆ ಈಗ ಎರಡು ಕಡೆ ಟೇಪ್ ಹಾಕಿದ್ದೇನೆ, ಗೂಡು ತೊಳೆದ ಮೇಲೆ ಪ್ರತಿ ಸಲ ಬೆರಳಿಟ್ಟು ನೋಡುತ್ತೇನೆ.